ಹೊಲಸು ಅಕ್ಷರಗಳು

ಬ್ಯಾಂಕಿನಲ್ಲಿ ಮಹಾದೇವಪ್ಪ ಸರ್ ಅವರ ಸಹಿ ಮೂರನೆಯ ಸಲವೂ ಹೊಂದಲಿಲ್ಲ. ಕೌಂಟರಿನ ಹುಡುಗಿ ಚೀಟಿಯನ್ನು ಹಿಂದಕ್ಕೆ ತಳ್ಳಿ ನೇರಳೆ ಶಾಯಿಯ ಪ್ಯಾಡನ್ನು ಮುಂದಿಟ್ಟಳು. "ಹೆಬ್ಬಟ್ಟು ಒತ್ತಿಬಿಡ್ರಿ ಅಜ್ಜಾರ, ಲಗೂ ಆಗ್ತದ" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸರ್ ಒತ್ತಿದರು. ಮನೆಗೆ ಬಂದ ಮೇಲೆ ಮೂರು ದಿನ ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡೇ ತಿರುಗಿದರು.

ಅವರು ಸುರಪುರದಲ್ಲಿ ಮೂವತ್ತೆಂಟು ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಸುತ್ತಲಿನ ತಾಲ್ಲೂಕುಗಳ ಕಚೇರಿಗಳಲ್ಲಿ ಕೂತಿರುವ ಎಷ್ಟೋ ಗುಮಾಸ್ತರು ಅವರ ಕೈಯಲ್ಲಿ ಕಲಿತವರು. ನೌಕರಿ ಸಿಕ್ಕ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕಾರ್ಡು ಬರೆದು ಹಾಕುವುದು ಅವರ ರೂಢಿ. ಈಗ ಎರಡು ವರ್ಷದಿಂದ ಕೈ ನಡುಗುವ ಕಾಯಿಲೆ. ಪೆನ್ನು ಹಿಡಿದರೆ ಗೆರೆ ಎಲ್ಲೆಲ್ಲೋ ಓಡುತ್ತಿತ್ತು. ಕಾರ್ಡು ಬರೆಯುವುದು ನಿಂತುಹೋಗಿತ್ತು.

ಹೆಬ್ಬಟ್ಟಿನ ಸಂಗತಿಯನ್ನು ಪಂಚಶೀಲಾಗೆ ಹೇಳಿದವರು ಸರ್ ಅವರ ಹೆಂಡತಿ ಲಾಲಮ್ಮ. ಪಂಚಶೀಲಾ ಶಹಾಪುರದಲ್ಲಿ ತಹಸೀಲ ಕಚೇರಿಯ ಎದುರಿಗೆ ಟೈಪಿಂಗ್ ಅಂಗಡಿ ಇಟ್ಟುಕೊಂಡವಳು, ಊರು ದೋರನಹಳ್ಳಿ. ಹದಿನೈದು ವರ್ಷದ ಹಿಂದೆ ಸರ್ ಅವರ ಶಾಲೆಗೆ ಸೇರಲು ಬಂದಾಗ, ಅವಳು ಮುಟ್ಟಿದ ಮಷೀನನ್ನು ತಮ್ಮ ಮಕ್ಕಳು ಮುಟ್ಟುವುದಿಲ್ಲ ಎಂದು ಇಬ್ಬರು ಬಂದು ಹೇಳಿಹೋಗಿದ್ದರು. ಸರ್ ಆ ಇಬ್ಬರಿಗೂ ಅವರ ಮಕ್ಕಳ ಫೀಸು ವಾಪಸು ಕೊಟ್ಟು ಕಳಿಸಿ, ಇವಳನ್ನು ತಮ್ಮ ಮೇಜಿನ ಪಕ್ಕದ ಮಷೀನಿನಲ್ಲಿ ಕೂರಿಸಿದ್ದರು. ಆ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಅಂದಿನಿಂದ ಇಂದಿನವರೆಗೂ ತಿಂಗಳಿಗೆ ಎರಡಾದರೂ ಭಾನುವಾರ ಅವಳು ಸುರಪುರದ ಬಸ್ಸು ಹತ್ತುತ್ತಾಳೆ.

ಮುಂದಿನ ವಾರ ಬರುವಾಗ ಲ್ಯಾಪ್‌ಟಾಪ್ ತಂದಳು. ಬರೆಯಲು ಬಾರದಿದ್ದರೂ ಟೈಪು ಮಾಡಬಹುದಲ್ಲ ಎಂಬುದು ಅವಳ ಲೆಕ್ಕ. ಸರ್ ಕೂತರು. ಒಂದು ಕೀ ಒತ್ತಿದರೆ ಅದೇ ಅಕ್ಷರ ಏಳೆಂಟು ಸಲ ಮೂಡಿತು. ಇನ್ನೊಂದನ್ನು ಒತ್ತಿದ್ದೇನೋ ಇಲ್ಲವೋ ಅವರಿಗೇ ಗೊತ್ತಾಗಲಿಲ್ಲ.

"ಇದು ಒತ್ತಿದ್ರೂ ಅಷ್ಟ, ಬಿಟ್ರೂ ಅಷ್ಟ ಅದ ನೋಡವ್ವ" ಎಂದರು. "ಮಷೀನ್ ಅಂದ್ರ ಬೆರಳಿಗೆ ಜವಾಬು ಕೊಡಬೇಕು."

ಬೆರಳಿಗೆ ಜವಾಬು ಕೊಡುವ ಕೀಬೋರ್ಡು ಇದೆ ಎಂದು ಪಂಚಶೀಲಾಗೆ ಗೊತ್ತಾದದ್ದು ಆಮೇಲೆ. ಮೆಕ್ಯಾನಿಕಲ್ ಕೀಬೋರ್ಡು. ಪ್ರತಿ ಕೀ ಕೆಳಗೂ ಒಂದೊಂದು ಸ್ಪ್ರಿಂಗು; ಒತ್ತಿದರೆ ಟಕ್ ಎನ್ನುತ್ತದೆ. ಆಟ ಆಡುವವರು, ಕಂಪನಿಯವರು ಕೊಳ್ಳುವ ವಸ್ತು. ಅವಳೊಂದು ತರಿಸಿದಳು. ಸರ್ ಒಂದು ಕೀ ಒತ್ತಿ, ಕಿವಿಗೊಟ್ಟು, ಮತ್ತೆ ಒತ್ತಿದರು. ಮುಖ ಸಡಿಲವಾಯಿತು. ನಡುಕದಿಂದ ಎರಡೆರಡು ಸಲ ಒತ್ತಿದ್ದನ್ನು ಕಂಪ್ಯೂಟರು ಒಂದೇ ಎಂದು ತಿಳಿಯುವ ಹಾಗೆ ಅವಳು ಮಾಡಿಕೊಟ್ಟಳು. ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಅಕ್ಷರಗಳು ಯಾವ ಜಾಗದಲ್ಲಿದ್ದವೋ ಅದೇ ಜಾಗದಲ್ಲಿ ಬರುವಂತೆಯೂ ಹೊಂದಿಸಿದಳು. ಆದರೆ ಕೀಗಳ ಮೇಲೆ ಕಾಣುತ್ತಿದ್ದದ್ದು ಇಂಗ್ಲಿಷ್ ಅಕ್ಷರ. ಮೊದಲಾಗಿದ್ದರೆ ಸರ್ ನೋಡದೆ ಒತ್ತುತ್ತಿದ್ದರು. ಈಗ ಬೆರಳು ದಾರಿ ತಪ್ಪಿದಾಗ ಕಣ್ಣಿನ ಆಸರೆ ಬೇಕಾಗುತ್ತಿತ್ತು.

ಈ ಕೀಬೋರ್ಡಿನ ಕೀಗಳ ತಲೆಯ ಮೇಲಿನ ಪ್ಲಾಸ್ಟಿಕ್ ಕ್ಯಾಪುಗಳನ್ನು ಕಿತ್ತು ಬೇರೆ ಹಾಕಬಹುದು. ಬೇಕಾದ ಅಕ್ಷರ ಅಚ್ಚು ಹಾಕಿಸಿ ಮಾಡಿಕೊಡುವ ಕಂಪನಿಗಳೂ ಇವೆ. ಅಂಥ ಒಂದು ಕಂಪನಿಯ ಪುಟ ಅವಳ ಫೋನಿನಲ್ಲಿ ತಾನಾಗಿ ಬಂತು. ಹೆಸರು ಕೀಲೋಕ. 'ನಿಮ್ಮ ಭಾಷೆ, ನಿಮ್ಮ ಬೆರಳು' ಎಂದು ಮೇಲೆ ಬರೆದಿತ್ತು. ಅಕ್ಷರ ಹತ್ತು ವರ್ಷ ಅಳಿಸುವುದಿಲ್ಲ, ಪ್ರತಿಯೊಂದು ಕ್ಯಾಪನ್ನೂ ಕೈಯಿಂದ ಪರೀಕ್ಷಿಸಿ ಕಳಿಸುತ್ತೇವೆ ಎಂದಿತ್ತು. ಅವಳು ಕೇಳಿದ ಪ್ರಶ್ನೆಗಳಿಗೆ ರಿಯಾ ಎಂಬ ಹೆಸರಿನಿಂದ ಜವಾಬು ಬರುತ್ತಿತ್ತು. ಪ್ರತಿ ಜವಾಬಿನ ಕೊನೆಗೂ ಕೆಂಪು ಹೃದಯ. ಯಾವ ಕೀ ಮೇಲೆ ಯಾವ ಅಕ್ಷರ ಬೇಕು ಎಂಬ ನಕ್ಷೆ ಕಳಿಸಿ ಎಂದರು.

ಆ ನಕ್ಷೆಗೆ ಎರಡು ಭಾನುವಾರ ಹಿಡಿಯಿತು. ಸರ್ ಮಂಚದ ಮೇಲೆ ಕಣ್ಣುಮುಚ್ಚಿ ಕೂತು, ಮುಂದಿನ ಹಲಗೆಯ ಮೇಲೆ ಬೆರಳಾಡಿಸುತ್ತ, ಯಾವ ಬೆರಳು ಎಲ್ಲಿ ಹೋಗುತ್ತದೋ ಅಲ್ಲಿನ ಅಕ್ಷರ ಹೇಳುತ್ತಿದ್ದರು. ಕೆಲವನ್ನು ಬಾಯಿಯಿಂದ ಕೇಳಿದರೆ ಅವರಿಗೆ ನೆನಪಾಗುತ್ತಿರಲಿಲ್ಲ. ಒಂದು ಪೂರ್ತಿ ಪದ ಗಾಳಿಯಲ್ಲಿ ಟೈಪು ಮಾಡಿದರೆ ಬೆರಳೇ ತೋರಿಸುತ್ತಿತ್ತು. ಪಂಚಶೀಲಾ ದೊಡ್ಡ ಹಾಳೆಯಲ್ಲಿ ಚೌಕ ಹಾಕಿ ತುಂಬಿಸಿದಳು. ಕೊಂಬು, ಗುಡಿಸು, ದೀರ್ಘ, ಒತ್ತು ಎಲ್ಲವನ್ನೂ ದುಂಡಗೆ ಬರೆದಳು.

"ಳ ಕಾರದ ಹೊಟ್ಟಿ ಸಣ್ಣದು ಮಾಡಬ್ಯಾಡ ಅಂತ ಹೇಳವ್ವ ಅವರಿಗೆ" ಎಂದರು ಸರ್. ಅವಳು ಅದನ್ನೂ ಒಂದು ಮೂಲೆಯಲ್ಲಿ ಬರೆದಳು.

ನಾಲ್ಕು ದಿನಕ್ಕೆ ಕಂಪನಿಯಿಂದ ಮಾದರಿ ಚಿತ್ರ ಬಂತು. ಒಂದಕ್ಷರವೂ ತಪ್ಪಿರಲಿಲ್ಲ. ಕೆನೆ ಬಣ್ಣದ ಕ್ಯಾಪು, ಕಡುಗಪ್ಪು ಅಕ್ಷರ. ಸರ್ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ, "ಭೇಷ್ ಅದ" ಎಂದರು. ಅವಳು ಒಪ್ಪಿಗೆ ಕೊಟ್ಟು ಪೂರ್ತಿ ಹಣ ಕಳಿಸಿದಳು.

ಪಾರ್ಸಲು ಬಂದದ್ದು ಹನ್ನೊಂದು ವಾರದ ಮೇಲೆ. ಅಂಗಡಿಯಲ್ಲಿ ಒಡೆಯದೆ ಭಾನುವಾರ ಸುರಪುರಕ್ಕೆ ಒಯ್ದಳು. ಸರ್ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ಲಾಲಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಪಂಚಶೀಲಾ ಟೇಪು ಕೊಯ್ದು ಡಬ್ಬಿ ತೆರೆದಳು.

ಮೊದಲು ಬಂದದ್ದು ವಾಸನೆ. ಸೀಮೆಎಣ್ಣೆ, ಅದರ ಕೆಳಗೆ ಕೊಳೆತದ್ದೇನೋ, ಎರಡನ್ನೂ ಮುಚ್ಚಲು ಮೇಲೆ ಹೊಡೆದ ಅಗ್ಗದ ಸೆಂಟು. ಲಾಲಮ್ಮ ಒಳಗಿನಿಂದಲೇ, "ಏನ್ ತಂದೀಯವ್ವ, ಇಲಿ ಸತ್ತದೇನು" ಎಂದು ಕೇಳಿದರು. ಡಬ್ಬಿಯಲ್ಲಿ ಒಂದು ಗುಲಾಬಿ ಕಾರ್ಡು, ಅದರ ಮೇಲೆ ಹೃದಯ. ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದಕ್ಕೊಂದು ಅಂಟಿಕೊಂಡ ಕ್ಯಾಪುಗಳು. ಅವಳು ಒಂದನ್ನು ಬಿಡಿಸಿದಳು. ಬೆರಳಿಗೆ ಜಿಡ್ಡು ಹತ್ತಿತು.

ಅಕ್ಷರ ನೋಡಿದಳು. ಕೊಂಬು, ಗುಡಿಸು, ದೀರ್ಘ, ಒಂದೊಂದರ ಪಕ್ಕದಲ್ಲೂ ಸಣ್ಣ ಚುಕ್ಕಿಗಳ ಒಂದು ಸುತ್ತು ಅಚ್ಚಾಗಿತ್ತು. ಕಂಪ್ಯೂಟರಿನಲ್ಲಿ ಅಕ್ಷರವಿಲ್ಲದೆ ಬರೀ ಗುಣಿತದ ಚಿಹ್ನೆ ಹೊಡೆದರೆ ಹಾಗೆ ಕಾಣುತ್ತದೆ. ಅಚ್ಚು ಹಾಕುವ ಮೊದಲು ನೋಡಿದವರು ಯಾರೇ ಆದರೂ ಅದನ್ನು ತೆಗೆಯುತ್ತಿದ್ದರು. ಕ್ಷ ಮೂರು ತುಂಡಾಗಿತ್ತು. ಥ ಮತ್ತು ಧ ಇರಬೇಕಾದ ಎರಡರಲ್ಲೂ ದ ಇತ್ತು. ಳ ತಲೆಕೆಳಗಾಗಿತ್ತು.

"ಇದೇನವ್ವ ಚುಕ್ಕಿ ಚುಕ್ಕಿ?" ಎಂದು ಸರ್ ಕೇಳಿದರು. "ನಾವು ಹಾಕಿದ್ದಿಲ್ಲಲಾ."

ಪಂಚಶೀಲಾ ಡಬ್ಬಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡಳು. ಒಂದು ಕ್ಯಾಪನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅ ಅಕ್ಷರದ ಕೆಳಗೆ ಇನ್ಯಾವುದೋ ಲಿಪಿಯ ಅಕ್ಷರ ಉಜ್ಜಿ ತೆಗೆದ ಗುರುತು ಮಸುಕಾಗಿ ಕಾಣುತ್ತಿತ್ತು. ತಿರುವಿ ನೋಡಿದಳು. ಕ್ಯಾಪಿನ ಒಳಗೋಡೆಗೆ ಕಂದು ಬಣ್ಣದ ಕೊಳೆ ಪದರ ಕಟ್ಟಿತ್ತು, ವರ್ಷಗಟ್ಟಲೆ ಬೆವರಿದ ಕೈಗಳ ಕೊಳೆ. ಇನ್ನೊಂದರಲ್ಲಿ ಸುತ್ತಿಕೊಂಡ ಕೂದಲು. ಮತ್ತೊಂದರ ಮೂಲೆಯಲ್ಲಿ ಹಳದಿಯಾಗಿ, ಬಾಗಿದ ಚೂರು ಅಂಟಿತ್ತು. ಅದು ಉಗುರಿನ ತುಂಡು ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಕೂಡಲೆ ಅವಳು ಕ್ಯಾಪನ್ನು ಡಬ್ಬಿಗೆ ಎಸೆದಳು. ಯಾರೋ ಬಳಸಿ ಎಸೆದ ಕ್ಯಾಪುಗಳನ್ನು ಆಯ್ದು, ಮೇಲ್ಮೈ ಮಾತ್ರ ಉಜ್ಜಿ, ಕನ್ನಡ ಹೊಡೆದು ಕಳಿಸಿದ್ದರು.

"ಹೊರಗ ಒಯ್ಯಿ ಅದನ್ನ, ಉಣ್ಣೂ ಹೊತ್ತಿನ್ಯಾಗ" ಎಂದು ಲಾಲಮ್ಮ ಸೆರಗು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತರು.

ಸರ್ ಮಾತ್ರ ಬಿಡಲಿಲ್ಲ. ಅಷ್ಟು ವಾರ ಕಾದಿದ್ದರು. ನಾಲ್ಕು ಕ್ಯಾಪನ್ನು ತಾವೇ ಕೀಬೋರ್ಡಿಗೆ ಹಾಕಿ ಒತ್ತಿ ನೋಡಿದರು. ಒಂದು ಸಡಿಲಾಗಿ ಕೆಳಗೆ ಬಿತ್ತು, ಒಂದು ಒತ್ತಿದಲ್ಲೇ ಸಿಕ್ಕಿಕೊಂಡಿತು. ಅವರ ಬೆರಳ ತುದಿಗಳು ಕಪ್ಪಗಾದವು. ಹತ್ತು ವರ್ಷ ಅಳಿಸದ ಅಕ್ಷರ ಹತ್ತು ಸಲ ಒತ್ತುವುದರೊಳಗೆ ಕೈಗೆ ಬಂದಿತ್ತು. ಯಾರೂ ತಡೆಯುವ ಮೊದಲೇ ಅದೇ ಬೆರಳಿನಿಂದ ಕನ್ನಡಕ ಸರಿಸಿ ಕಣ್ಣುಜ್ಜಿಕೊಂಡರು.

ಆಮೇಲಿನ ಅರ್ಧ ಗಂಟೆ ಬಚ್ಚಲಲ್ಲಿ ನೀರು ಹಾಕುವುದರಲ್ಲೇ ಹೋಯಿತು. ಸರ್ ಬಾಗಿ ಕೂತು ನೀರಿಗೆ ಮುಖ ಕೊಟ್ಟರು. ಬಲಗಣ್ಣು ಕೆಂಪಗೆ ಉಬ್ಬಿ ನೀರು ಸುರಿಯುತ್ತಲೇ ಇತ್ತು. ಕಣ್ಣಿನ ಡಾಕ್ಟರು ಮರುದಿನ ಯಾವುದೋ ಕೆಟ್ಟ ರಾಸಾಯನಿಕ ಎಂದು ಹೇಳಿ ಐದು ದಿನಕ್ಕೆ ಡ್ರಾಪ್ಸು ಬರೆದರು. ಆ ಭಾನುವಾರ ರಾತ್ರಿ ಶಹಾಪುರದ ಬಸ್ಸಿನಲ್ಲಿ ಪಂಚಶೀಲಾ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳದೆ ಮುಂದಿನ ಸೀಟಿನ ಕಂಬಿಯ ಮೇಲೆ ಇಟ್ಟಿದ್ದಳು. ಮೂರು ಸಲ ಸೋಪು ಹಚ್ಚಿ ತೊಳೆದಿದ್ದರೂ ಅವು ತನ್ನವಲ್ಲ ಅನ್ನಿಸುತ್ತಿತ್ತು.

ಕಂಪನಿಗೆ ಫೋಟೊಗಳ ಸಮೇತ ಬರೆದಳು. ನಡೆದದ್ದನ್ನೆಲ್ಲ ಬರೆದಳು: ಕೊಳೆ, ಉಗುರು, ಡಬ್ಬಿ ತೆರೆದಾಗ ಉರಿಯಿಂದ ಗುರುಗಳ ಕಣ್ಣಲ್ಲಿ ನೀರು ಬಂದದ್ದು, ಡಾಕ್ಟರ ಚೀಟಿ. ಬಂದ ಮೊದಲ ಜವಾಬು, 'ಕೀಲೋಕ ಕುಟುಂಬಕ್ಕೆ ಸ್ವಾಗತ', ಹೃದಯ. ಎರಡನೆಯದು, ಡಬ್ಬಿ ಒಡೆಯುವಾಗ ವಿಡಿಯೊ ಮಾಡಿದ್ದೀರಾ? ಮಾಡಿರಲಿಲ್ಲ. ಹಾಗಾದರೆ ಆ ಉಗುರು ನಿಮ್ಮ ಮನೆಯದಲ್ಲ ಎಂದು ಹೇಗೆ ನಂಬುವುದು? ಮೂರನೆಯದು, ಚುಕ್ಕಿಯ ಸುತ್ತು ಕನ್ನಡ ಲಿಪಿಯ ಕಲಾತ್ಮಕ ಶೈಲಿ. ನಾಲ್ಕನೆಯದು, ಗಿರಾಕಿ ಹೇಳಿದಂತೆ ಮಾಡಿದ ವಸ್ತುವನ್ನು ವಾಪಸು ಪಡೆಯುವುದಿಲ್ಲ. ಮಾದರಿ ಚಿತ್ರವನ್ನು ನೀವೇ ಒಪ್ಪಿದ್ದೀರಿ.

ಪುಟದ ಕೊನೆಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಗಂಡಸು ಹಿಂದಿಯಲ್ಲಿ ಮಾತಾಡಿದ. ಅವಳು ರಿಯಾ ಬೇಕು ಎಂದಳು.

"ನಾನೇ ರಿಯಾ, ಮೇಡಂ" ಎಂದ ಅವನು.

ಅವಳು ಎಲ್ಲವನ್ನೂ ಮತ್ತೆ ಹೇಳಿದಳು. ಅವನು ನಡುನಡುವೆ ಏನನ್ನೋ ಅಗಿಯುತ್ತಿದ್ದ. ಆ ಸಪ್ಪಳ ಅವಳ ಕಿವಿಗೆ ಬರುತ್ತಿತ್ತು. ಕೊನೆಗೆ, ಐದು ನಕ್ಷತ್ರ ಕೊಟ್ಟು ಒಳ್ಳೆಯ ನಾಲ್ಕು ಮಾತು ಬರೆದರೆ ಅರ್ಧ ಹಣ ಹಿಂದಿರುಗಿಸುತ್ತೇವೆ ಎಂದ. ಅವಳು ಫೋನು ಇಟ್ಟಳು. ಒಂದು ನಕ್ಷತ್ರ ಕೊಟ್ಟು, ಉಗುರಿನ ಫೋಟೊ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಪುಟದಲ್ಲಿ ಬರೆದಳು. ಮರುದಿನ ನೋಡಿದರೆ ಅದು ಅಲ್ಲಿರಲಿಲ್ಲ.

"ಬಿಡವ್ವ, ಹೊಲಸಿನ ಕೂಡ ಎಷ್ಟಂತ ಗುದ್ದಾಡ್ತಿ" ಎಂದರು ಸರ್.

ಅವಳು ಬಿಟ್ಟಳು. ಕೆಲಸವಂತೂ ಆಗಬೇಕಿತ್ತು. ಸುರಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅಮೀನುದ್ದೀನನ ರೇಡಿಯಂ ಅಂಗಡಿ ಇದೆ. ಗಾಡಿಗಳ ನಂಬರು, ಹೆಸರು ಎಲ್ಲ ಸ್ಟಿಕರಿನಲ್ಲಿ ಕತ್ತರಿಸಿ ಅಂಟಿಸುತ್ತಾನೆ. ಪಂಚಶೀಲಾ ಮೊದಲಿನ ಇಂಗ್ಲಿಷ್ ಕ್ಯಾಪುಗಳಿದ್ದ ಕೀಬೋರ್ಡನ್ನು ನಕ್ಷೆಯ ಸಮೇತ ಒಯ್ದು ಅವನ ಮುಂದಿಟ್ಟಳು.

"ಇಷ್ಟು ಸಣ್ಣದು ನಾ ಎಂದೂ ಮಾಡಿಲ್ಲಕ್ಕ" ಎಂದ ಅಮೀನುದ್ದೀನ. "ಮಾಡಿ ನೋಡ್ತೀನಿ. ಸರ್‌ನ ಕರ್ಕೊಂಡು ಬರ್ರಿ, ಅವರ ಬೆರಳಿಗೆ ಹತ್ತಬೇಕಲಾ."

ಮೊದಲ ಸುತ್ತಿನ ಸ್ಟಿಕರುಗಳ ಅಂಚು ಬೆರಳಿಗೆ ತಡೆಯುತ್ತಿತ್ತು. ಅವನೇ ಮುಟ್ಟಿ ನೋಡಿ, ಸರ್ ಏನೂ ಹೇಳುವ ಮೊದಲೇ ಎಲ್ಲವನ್ನೂ ಕಿತ್ತುಹಾಕಿದ. ಎರಡನೆಯ ಸುತ್ತಿನಲ್ಲಿ ಣ ಒಂದು ತಪ್ಪಿತು. ಅವನು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಸರ್ ಹೇಳಿದ ಹಾಗೆ ಪರದೆಯ ಮೇಲೆ ಅದನ್ನು ತಿದ್ದಿ, ಮತ್ತೆ ಕತ್ತರಿಸಿ, ಅಂಟಿಸಿ, ಮೇಲೊಂದು ತೆಳು ಹಾಳೆ ಹಚ್ಚಿದ. ಎರಡು ತಾಸು ಅಂಗಡಿಗೆ ಬಂದ ಬೇರೆ ಗಿರಾಕಿಗಳನ್ನು ಕಾಯಿಸಿದ. ಮರುವಾರ ಸರ್ ಶಹಾಪುರಕ್ಕೆ ಒಂದು ಕಾಗದ ಹಾಕಿದರು. ಮುದ್ರಿಸಿದ್ದು, ಎಂಟೇ ಸಾಲು, ಎಲ್ಲೂ ತಪ್ಪಿಲ್ಲ. ಪಂಚಶೀಲಾ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿ, ಕೀಲೋಕದ ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಿತ್ತಲ ಶೆಡ್ಡಿಗೆ ಎಸೆದಳು. ಮುಗಿಯಿತು ಅಂದುಕೊಂಡಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ನಾಲ್ಕು ಜನ ಅಫಿಡವಿಟ್ಟಿಗೆ ಕಾದು ನಿಂತಿದ್ದಾಗ, ಫೋನು ಬಂತು. ಕೈಗಳೆರಡೂ ಕೆಲಸದಲ್ಲಿದ್ದುದರಿಂದ ಅವಳು ಸ್ಪೀಕರಿಗೆ ಹಾಕಿದಳು.

"ಶಹಾಪುರದ ಪಂಚಶೀಲಾ ಅಂದ್ರ ನೀವೇ ಏನ್ರಿ?" ವಯಸ್ಸಾದ ದನಿ, ನಡುಗುತ್ತಿತ್ತು, ಸಿಟ್ಟಿನಿಂದ.

"ಹೌದ್ರಿ, ಹೇಳ್ರಿ."

"ನಾ ಯಾದಗಿರಿಯಿಂದ ಭಗವಂತರಾಯ. ಕೋರ್ಟಿನ್ಯಾಗ ಟೈಪಿಸ್ಟ್ ಇದ್ದು ರಿಟೈರ್ ಆದವ. ಶಹಾಪುರದಾಗ ಕೇಳಿ ನಿಮ್ಮ ನಂಬರ್ ಹುಡುಕಿದೆ. ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಇಂಥಾ ಹೊಲಸು ಮಾಲಿಗೆ ಚಲೋ ಅದ ಅಂತ ಬರೀಲಿಕ್ಕೆ ಎಷ್ಟು ರೊಕ್ಕ ತಗೊಂಡ್ರಿ? ನಿಮ್ಮಂಥವರ ಕೈ ಮುಟ್ಟಿದ್ದು ಮನ್ಯಾಗ ತರಬಾರದಿತ್ತು."

ಅಂಗಡಿಯಲ್ಲಿದ್ದವರು ಅತ್ತಿತ್ತ ನೋಡಿದರು. ಪಂಚಶೀಲಾ ಸ್ಪೀಕರು ಆರಿಸಿ ಹೊರಗೆ ಬಂದಳು. ಆ ಕೊನೆಯ ಮಾತು ಎಲ್ಲಿಂದ ಬಂತು ಎಂದು ಅವಳಿಗೆ ಒಂದು ಕ್ಷಣ ಅನುಮಾನವಾಯಿತು. ಅವಳ ಮುಖ ನೋಡಿ ಮೂಗು ಮುರಿದವರು ಅವಳಿಗೆ ಹೊಸಬರಲ್ಲ. ಆದರೆ ಈತನಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಅವಳು ಬರೆಯದ ನಾಲ್ಕು ಮಾತು ಮಾತ್ರ.

"ಅಣ್ಣಾರ, ನಾ ಏನೂ ಬರ್ದಿಲ್ಲ" ಎಂದಳು. "ಏನ್ ಬರ್ದದ, ಎಲ್ಲಿ ಬರ್ದದ, ನನಗ ಕಳಸ್ರಿ."

ಕಳಿಸಿದರು. ಕೀಲೋಕದ ಪುಟದಲ್ಲಿ ಹೊಸ ಸರಕು ಬಂದಿತ್ತು: 'ಪರಂಪರೆಯ ಕನ್ನಡ ಟೈಪ್‌ರೈಟರ್ ಸೆಟ್'. ನಮ್ಮ ತಂಡದ ವರ್ಷಗಳ ಸಂಶೋಧನೆ ಎಂದು ಕೆಳಗಿತ್ತು. ಜೊತೆಗಿದ್ದ ಚಿತ್ರ ಅವಳ ಕೈಬರಹದ ನಕ್ಷೆ. ಳ ಕಾರದ ಹೊಟ್ಟೆಯ ಬಗ್ಗೆ ಬರೆದ ಮೂಲೆಯನ್ನು ಮಾತ್ರ ಕತ್ತರಿಸಿದ್ದರು. ಇನ್ನೂ ಕೆಳಗೆ ಗಿರಾಕಿಗಳ ಮಾತು. ಮೊದಲನೆಯದೇ ಅವಳದು. ಐದು ನಕ್ಷತ್ರ, ಪಂಚಶೀಲಾ, ಟೈಪಿಂಗ್ ಅಂಗಡಿ, ಶಹಾಪುರ. 'ಡಬ್ಬಿ ತೆರೆದಾಗ ನನ್ನ ಗುರುಗಳ ಕಣ್ಣಲ್ಲಿ ನೀರು ಬಂತು.'

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಅಂಗಡಿಯ ಪಕ್ಕದ ಮೋರಿಯ ಹತ್ತಿರ ಹೋಗಿ ವಾಂತಿ ಮಾಡಿದಳು. ಉಗುರು ಕಂಡಾಗಲೂ ತಡೆದುಕೊಂಡಿದ್ದಳು, ಇದನ್ನು ತಡೆಯಲಾಗಲಿಲ್ಲ. ಉಗುರು ಯಾರದೋ ಅಲಕ್ಷ್ಯದಿಂದ ಬಂದಿರಬಹುದು. ಆದರೆ ಈ ಸಾಲಿಗಾಗಿ ಒಬ್ಬರು ಅವಳ ದೂರನ್ನು ಕೂತು ಓದಿ, ಉರಿಯನ್ನು ತೆಗೆದು, ಡಾಕ್ಟರ ಚೀಟಿಯನ್ನು ತೆಗೆದು, ನೀರನ್ನಷ್ಟೇ ಉಳಿಸಿಕೊಂಡಿದ್ದರು.

ಮರುದಿನ ಅಂಗಡಿ ಮುಚ್ಚಿ ಶೆಡ್ಡಿನ ಚೀಲ ಎತ್ತಿಕೊಂಡು ಯಾದಗಿರಿಗೆ ಹೋದಳು. ಭಗವಂತರಾಯರು ಬಾಗಿಲಲ್ಲೇ ನಿಂತು ಅವಳ ಮಾತು ಕೇಳಿದರು. ಸಣ್ಣ ಆಳು, ಇಸ್ತ್ರಿ ಮಾಡಿದ ಪ್ಯಾಂಟು. ಅವಳು ಡಾಕ್ಟರ ಚೀಟಿ, ಕಂಪನಿಗೆ ಬರೆದ ಪತ್ರ, ಬಂದ ಜವಾಬು ಎಲ್ಲ ತೋರಿಸಿದಳು. ಅವರು ನಿಧಾನವಾಗಿ ಓದಿದರು. ನಂತರ ಹಿತ್ತಲಿಗೆ ಕರೆದೊಯ್ದು ಪಾಯಖಾನೆಯ ಕಿಟಕಿಯ ಮೇಲಿಟ್ಟಿದ್ದ ತಮ್ಮ ಡಬ್ಬಿ ತೋರಿಸಿದರು. ಅವರ ಹೆಂಡತಿ ಅದನ್ನು ಅಲ್ಲಿಂದ ಒಳಗೆ ಬಿಟ್ಟುಕೊಂಡಿರಲಿಲ್ಲ. ಅದೇ ವಾಸನೆ. ಅದೇ ಚುಕ್ಕಿಯ ಸುತ್ತು. ಅದೇ ತಲೆಕೆಳಗಾದ ಳ.

"ಫೋನಿನ್ಯಾಗ ನಾ ಆಡಿದ ಮಾತು ತಪ್ಪಾತು" ಎಂದರು. "ನಿಮ್ಮಂಥವರು ಅಂದೆ. ಕೆಟ್ಟ ಮಾತದು."

"ಹೌದ್ರಿ, ಕೆಟ್ಟ ಮಾತ ಅದು" ಎಂದಳು ಅವಳು. ಇರಲಿ ಬಿಡಿ ಎಂದು ಹೇಳಲಿಲ್ಲ. "ಮಹಾದೇವಪ್ಪ ಸರ್ ಅಂತ ನಮ್ಮ ಗುರುಗಳು. ಅವರ ಕಣ್ಣಾಗ ನೀರು ಬಂದದ್ದು ಮಾರಾಕತ್ತಾರ ಇವರು. ನಾ ಗ್ರಾಹಕರ ಆಯೋಗಕ್ಕ ಅರ್ಜಿ ಹಾಕ್ತೀನಿ. ನೀವೂ ಬರ್ತೀರೇನು?"

"ಸುರಪುರದ ಮಹಾದೇವಪ್ಪನವರಾ?" ಅವರು ಕೇಳಿದರು. ಅವರು ಸರ್ ಹತ್ತಿರ ಕಲಿತಿರಲಿಲ್ಲ, ಆದರೆ ಹೆಸರು ಕೇಳಿದ್ದರು. "ಕೂಡ್ರಿ. ಅರ್ಜಿ ನಾ ಟೈಪ್ ಮಾಡ್ತೀನಿ. ಕೋರ್ಟಿನ ಭಾಷಾ ನನಗ ರೂಢಿ ಅದ."

ದಿನಕ್ಕೆ ಹತ್ತಾರು ಜನರ ಅರ್ಜಿ ಬರೆಯುವ ಪಂಚಶೀಲಾ ಅಂದು ಮೊದಲ ಸಲ ಬಾಯಿಯಿಂದ ಹೇಳಿ ಬೇರೆಯವರಿಂದ ಬರೆಸಿದಳು. ಹೊಲಸು ಎಂಬ ಶಬ್ದ ಬಂದಲ್ಲೆಲ್ಲ ಭಗವಂತರಾಯರು 'ಅನೈರ್ಮಲ್ಯ' ಎಂದು ಹೊಡೆಯುತ್ತಿದ್ದರು. ಗುರುಗಳ ಕಣ್ಣೀರಿನ ಸಾಲು ಬಂದಲ್ಲಿ ಮಾತ್ರ ಅವಳು ತಡೆದಳು. ಅಲ್ಲಿ ಹೊಲಸು ಎಂದೇ ಉಳಿಯಿತು.

ಗ್ರಾಹಕರ ಆಯೋಗದಲ್ಲಿ ವಿಚಾರಣೆ ಮೂರು ಸಲ ಮುಂದೆ ಹೋಯಿತು. ನಾಲ್ಕನೆಯ ಸಲ ಕಂಪನಿಯ ಪರವಾಗಿ ಒಬ್ಬ ವಕೀಲ ಬಂದ. ಮೆತ್ತಗೆ ಮಾತಾಡುವವನು. ಗಿರಾಕಿ ತೃಪ್ತಿಯಿಂದ ತಾವೇ ಬರೆದ ಮಾತು ಇದು ಎಂದು ಪುಟದ ಪ್ರತಿ ಕೊಟ್ಟ. ಆಯೋಗದ ಅಧ್ಯಕ್ಷರು ಕನ್ನಡಕದ ಮೇಲಿನಿಂದ ಸಾಕ್ಷಿಗಳ ಬೆಂಚಿನತ್ತ ನೋಡಿದರು. ಅಲ್ಲಿ ಸರ್ ಕೂತಿದ್ದರು, ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡು.

"ಗುರುಗಳು ನೀವೇ ಏನ್ರಿ? ನಿಮ್ಮ ಕಣ್ಣಾಗ ನೀರು ಬಂದದ್ದು ಖರೇ ಅದ ಏನ್ರಿ?"

ಸರ್ ಎದ್ದು ನಿಂತರು. "ಖರೇ ಅದರಿ. ಉರಿಗೆ ಬಂತು. ಐದು ದಿನ ಬಂತು."

ಅಧ್ಯಕ್ಷರು ವಸ್ತು ತೋರಿಸಿ ಎಂದರು. ಗುಮಾಸ್ತ ಮೇಜಿನ ಮೇಲೆ ಚೀಲದ ಗಂಟು ಬಿಚ್ಚಿದ. ಇಷ್ಟು ತಿಂಗಳು ಕಟ್ಟಿಟ್ಟ ವಾಸನೆ ಒಮ್ಮೆಗೇ ಎದ್ದಿತು. ಮುಂದಿನ ಸಾಲಿನ ಹೆಣ್ಣುಮಗಳೊಬ್ಬಳು ಕೆಮ್ಮುತ್ತ ಹೊರಗೆ ಹೋದಳು. ಅಧ್ಯಕ್ಷರು ಕರವಸ್ತ್ರ ಮೂಗಿಗೆ ಹಿಡಿದು, ಪೆನ್ನಿನ ತುದಿಯಿಂದ ಎರಡು ಕ್ಯಾಪು ತಿರುವಿ ನೋಡಿ, ಕಟ್ಟಲು ಕೈಸನ್ನೆ ಮಾಡಿದರು. ವಕೀಲ ತನ್ನ ಕಾಗದಗಳನ್ನು ಮೇಜಿನಿಂದ ಎತ್ತಿಕೊಂಡು ಎದೆಗೆ ಹಿಡಿದಿದ್ದ.

"ಇದನ್ನ ನಿಮ್ಮ ಮನ್ಯಾಗ ಇಟ್ಕೋತೀರೇನ್ರಿ ವಕೀಲರ?" ಎಂದು ಅಧ್ಯಕ್ಷರು ಕೇಳಿದರು. ಅವನು ಕಕ್ಷಿದಾರರ ಜೊತೆ ಮಾತಾಡಲು ಹತ್ತು ನಿಮಿಷ ಕೇಳಿಕೊಂಡು ಹೊರಗೆ ಹೋದ.

ಇಬ್ಬರಿಗೂ ಹಣ ವಾಪಸು, ಡಾಕ್ಟರ ಖರ್ಚು, ಸುಳ್ಳು ಮಾತು ಮತ್ತು ನಕ್ಷೆ ವಾರದೊಳಗೆ ಪುಟದಿಂದ ಕಿತ್ತುಹಾಕಬೇಕು ಎಂದು ಆದೇಶವಾಯಿತು. ಹೊರಗೆ ಬಂದಾಗ ವಕೀಲ ನಗುತ್ತ ಪಂಚಶೀಲಾ ಕಡೆ ಕೈ ಚಾಚಿದ. ಅವಳು ಫೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಸುಮ್ಮನೆ ಮುಂದೆ ನಡೆದಳು.

ಹಣ ಬಂತು, ಪುಟವೂ ಹೋಯಿತು. ಕ್ಷಮೆಯ ಪತ್ರ ಎಂದು ಒಂದು ಬಂತು. ತಮ್ಮಿಂದಾದ ತೊಂದರೆಗೆ ಎಂದು ಬರೆಯದೆ 'ನಿಮಗೆ ಆಗಿದೆಯೆನ್ನಲಾದ ಬೇಸರಕ್ಕೆ' ಎಂದು ಬರೆದಿದ್ದರು. ಅವಳು ಅದನ್ನು ಸರ್ ಅವರಿಗೆ ತೋರಿಸಲಿಲ್ಲ.

ಮಾರ್ಚ್ ತಿಂಗಳಲ್ಲಿ, ಮಧ್ಯಾಹ್ನದ ಬಿಸಿಲಿಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಳ ಫೋನಿನಲ್ಲಿ ಮತ್ತೊಂದು ಅಂಗಡಿಯ ಪುಟ ತಾನಾಗಿ ಬಂತು. ಹೆಸರು ಬೇರೆ, ಬಣ್ಣ ಬೇರೆ. ಕನ್ನಡ ಟೈಪ್‌ರೈಟರ್ ಸೆಟ್ ಮಾತ್ರ ಅದೇ. ನಕ್ಷೆಯನ್ನು ಯಾರೋ ಮತ್ತೆ ಬರೆದಿದ್ದರು, ಚೌಕಗಳು ಅವಳವೇ. ಗಿರಾಕಿಗಳ ಮಾತಿನಲ್ಲಿ ಮೊದಲನೆಯ ಹೆಸರು ಪಿ. ಶೀಲಾ, ರಾಯಚೂರು ಎಂದಿತ್ತು. ಗುರುಗಳ ಕಣ್ಣೀರು ಒಂದಕ್ಷರವೂ ಬದಲಾಗದೆ ಹಾಗೇ ಇತ್ತು.

ಅವಳು ಪುಟದ ಚಿತ್ರ ತೆಗೆದಿಟ್ಟುಕೊಂಡು, ಯಾದಗಿರಿಗೆ ಫೋನು ಹಚ್ಚಿದಳು.

"ಅಣ್ಣಾರ, ಮತ್ತ ಹುಟ್ಯಾವ" ಎಂದಳು. "ನಾಳಿ ಬರ್ತೀನಿ. ಹಾಳಿ ತಂದಿಡ್ರಿ."

"ಬರ್ರಿ" ಎಂದರು ಭಗವಂತರಾಯರು. "ಈ ಸಲ ಎಲ್ಲಾ ಕಡೆ ಹೊಲಸು ಅಂತನ ಬರಿಯೂಣು."